ಸರೋವರಕ್ಕಿಳಿದ ಕಪಾಟು

ವಿಡ್ರೊವೊ ಸರೋವರದ ನೀರು ಇದುವರೆಗೆ ಒಮ್ಮೆಯೂ ತಣ್ಣಗಾಗಿಲ್ಲ. ಚಳಿಗಾಲದಲ್ಲಿ ಅದರ ಮೇಲೆ ಲಾರಿ ಓಡಿಸುವಷ್ಟು ದಪ್ಪನೆಯ ಮಂಜುಗಡ್ಡೆ ಕಟ್ಟುತ್ತದೆ ಎಂಬುದೇನೋ ನಿಜ. ಆದರೆ ಮಂಜುಗಡ್ಡೆ ನೀರಲ್ಲವಾದ್ದರಿಂದ ಅದು ಈ ವಿಷಯದ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ವಿಡ್ರೊವೊ ನೌಕಾವಿಹಾರ ಸಂಘದ ಸುರಕ್ಷತಾ ನಿಯಮಾವಳಿಯ ಪ್ರಕಾರ, ಸಂಘದ ಅಧಿಕೃತ ಉಷ್ಣಮಾಪಕದಿಂದ ಅಳೆದು, ಆಡಳಿತ ಮಂಡಳಿಯು ನಿರ್ಣಯ ಕೈಗೊಂಡು, ದಡದ ಕರಿಹಲಗೆಯ ಮೇಲೆ ಬರೆದ ನಂತರವಷ್ಟೇ ನೀರು ತಣ್ಣಗಾಗತಕ್ಕದ್ದು. ಅಲ್ಲಿಯವರೆಗೆ ಅದು ಬರೀ ನೀರು. ಕರಿಹಲಗೆಯ ಮೇಲೆ ನಾವು ಅಂಥದ್ದೇನನ್ನೂ ಎಂದೂ ಬರೆದಿಲ್ಲ. ಹಾಗಾಗಿ ಮಜೂರಿ ಸೀಮೆಯ ಅಷ್ಟೂ ಸರೋವರಗಳಲ್ಲಿ ಬೆಚ್ಚನೆಯ ನೀರು ನಮ್ಮದೇ ಎಂದು ನೆರೆಯೂರಿನವರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಅವರು ನಗುತ್ತಾರೆ. ನಗಲಿ, ಅವರ ಹತ್ತಿರ ನಿಯಮಾವಳಿಯೇ ಇಲ್ಲ.

ಈ ನಿಯಮಾವಳಿಯನ್ನು ಬರೆದವನು ಸಂಘದ ಸುರಕ್ಷತಾ ಉಪಾಧ್ಯಕ್ಷ ಕ್ಲೆಮೆನ್ಸ್ ಬೊರೂಟ. ಭೂಮಾಪನ ಕಚೇರಿಯಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತನಾದವನು. ಮೊಹರು ಬೀಳುವ ತನಕ ಬೇಲಿಯೂ ಬೇಲಿಯಲ್ಲ, ಹೊಲವೂ ಹೊಲವಲ್ಲ ಎಂಬುದು ಅವನಿಗೆ ರಕ್ತಗತವಾಗಿತ್ತು. ಹಾಗೆಂದು ಅವನಿಗೆ ತಣ್ಣೀರಿನ ಅಪಾಯ ತಿಳಿಯದೆಂದು ಯಾರೂ ಭಾವಿಸಬಾರದು. ಅಕ್ಟೋಬರ್ ಬಂತೆಂದರೆ ಸಂಘದ ಸಭಾಂಗಣದಲ್ಲಿ ಅವನ ಉಪನ್ಯಾಸ ಇದ್ದೇ ಇರುತ್ತದೆ. "ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ನಿಮ್ಮ ಮಾತು ಕೇಳಲ್ಲ," ಎಂದು ಅವನು ಕೋಲಿನಿಂದ ಚಿತ್ರ ತೋರಿಸುತ್ತಾನೆ. "ಆಮೇಲೆ ಹತ್ತು ನಿಮಿಷ ಆಗೋ ಹೊತ್ತಿಗೆ ಕೈಕಾಲು ಮಾತು ಕೇಳಲ್ಲ. ಗಂಟೆ ಕಳೆದ್ರೆ ಕೇಳೋಕೆ ನೀವೇ ಇರಲ್ಲ. ಬಿಸಿಲು ನೋಡಿ ಬಟ್ಟೆ ಹಾಕ್ಬೇಡಿ, ನೀರು ನೋಡಿ ಹಾಕಿ. ಜಾಕೆಟ್ ಇಲ್ದೆ ದೋಣಿ ಹತ್ಬೇಡಿ." ನಾವು ಜೋರಾಗಿ ಚಪ್ಪಾಳೆ ತಟ್ಟುತ್ತೇವೆ. ಆಮೇಲೆ ಹೋಗಿ ಜಾಕೆಟ್ ಇಲ್ಲದೆ ದೋಣಿ ಹತ್ತುತ್ತೇವೆ.

ಜಾಕೆಟ್ ಇಲ್ಲವೆಂದಲ್ಲ. ಬೇಕಾದಷ್ಟಿವೆ. ಯೂರೋಪ್ ಒಕ್ಕೂಟದ ಅನುದಾನದಲ್ಲಿ ಬಂದ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ, ಕೊರಳಿಗೊಂದು ಸೀಟಿ ಇರುವ ಜಾಕೆಟ್‌ಗಳು. ಒಂದೊಂದರ ಎದೆಯ ಮೇಲೂ ನಕ್ಷತ್ರಗಳ ನೀಲಿ ಚೀಟಿ. ಅನುದಾನದ ಷರತ್ತಿನ ಪ್ರಕಾರ ಐದು ವರ್ಷ ಆ ವಸ್ತುಗಳು ಚೀಟಿ ಸಮೇತ, ಇದ್ದ ಹಾಗೆಯೇ ಇರಬೇಕು. ಪ್ರಾಂತ್ಯದ ಕಚೇರಿಯಿಂದ ಪರಿಶೀಲಕರು ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ತೊಟ್ಟರೆ ಜಾಕೆಟ್ ಒದ್ದೆಯಾಗುತ್ತದೆ. ಒದ್ದೆಯಾದರೆ ಚೀಟಿ ಕಿತ್ತು ಬರುತ್ತದೆ. ಚೀಟಿ ಹೋದ ಜಾಕೆಟ್ ಯಾರದೋ ಜಾಕೆಟ್ ಆಗುತ್ತದೆ, ಅನುದಾನ ವಾಪಸು ಕೊಡಬೇಕಾಗುತ್ತದೆ. ಆದ್ದರಿಂದ ಕ್ಲೆಮೆನ್ಸ್ ನಾಲ್ಕನೆಯ ನಿಯಮವನ್ನು ಬರೆದ: ಜೀವರಕ್ಷಕ ಜಾಕೆಟ್‌ಗಳು ಕಪಾಟಿನಿಂದ ಹೊರಬರತಕ್ಕದ್ದಲ್ಲ. ಅದೇ ಅನುದಾನದಲ್ಲಿ ಅಧಿಕೃತ ಉಷ್ಣಮಾಪಕವೂ ಬಂದಿತ್ತು. ಅದಕ್ಕೂ ಚೀಟಿಯಿತ್ತು. ಅದೂ ಕಪಾಟು ಸೇರಿತು.

ಹಾಗಾದರೆ ಮನೆಯಿಂದ ಜಾಕೆಟ್ ತಂದು ತೊಡಬಹುದಲ್ಲ ಎಂದು ಕೆಲವರು ಕೇಳಿದರು. ಕ್ಲೆಮೆನ್ಸ್ ಒಂದು ವಾರ ತಲೆ ಕೆಡಿಸಿಕೊಂಡು ಐದನೆಯ ನಿಯಮದಲ್ಲಿ ಇದಕ್ಕೆ ಉತ್ತರಿಸಿದ. ಸಂಘದ ಜಾಕೆಟ್‌ಗಳಿರುವಾಗ ಸದಸ್ಯರು ಖಾಸಗಿ ಜಾಕೆಟ್ ತೊಟ್ಟರೆ, ಸಂಘದ ಜಾಕೆಟ್‌ಗಳು ಅನಗತ್ಯವಾಗಿದ್ದವು ಎಂದು ಸಾಬೀತಾಗುತ್ತದೆ. ಅನಗತ್ಯ ವಸ್ತುಗಳಿಗೆ ಅನುದಾನ ಪಡೆದದ್ದು ವಂಚನೆಯಾಗುತ್ತದೆ. ಆದ್ದರಿಂದ ಖಾಸಗಿ ಜಾಕೆಟ್ ನಿಷಿದ್ಧ. ಇಷ್ಟು ನೇರವಾದ ತರ್ಕವನ್ನು ನಾವು ಅದುವರೆಗೆ ಕಂಡಿರಲಿಲ್ಲ. ಸರ್ವಾನುಮತದಿಂದ ಒಪ್ಪಿದೆವು.

ಈ ನಿಯಮಕ್ಕೆ ಮೊದಲು ಬಲಿಯಾದದ್ದು ಕ್ಲೆಮೆನ್ಸನ ಮಗಳು ಕಾಲಿನಳ ಜಾಕೆಟ್. ಬಣ್ಣ ಮಾಸಿದ್ದರೂ ಗಟ್ಟಿಯಾಗಿತ್ತು, ಕಿತ್ತುಹೋದ ಪಟ್ಟಿಗೆ ಅವಳ ತಾಯಿಯೇ ಹೊಲಿಗೆ ಹಾಕಿದ್ದಳು. ಅದನ್ನೀಗ ಅವರ ಮನೆಯ ನಾಯಿ ಬುರೆಕ್ ಹಾಸಿಕೊಂಡು ಮಲಗುತ್ತಿತ್ತು. ಬೊರೂಟ ಮನೆತನದಲ್ಲಿ ಮುಳುಗುವ ಭಯವಿಲ್ಲದ ಏಕೈಕ ಜೀವಿ ಅದು. ಕಾಲಿನಳ ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕ್ಲೆಮೆನ್ಸನಿಗೆ ತನ್ನವರೆಂದು ಉಳಿದವಳು ಇವಳೊಬ್ಬಳೇ, ಮತ್ತು ಇವಳು ಕಾಲೂರಿ ನಡೆದದ್ದಕ್ಕಿಂತ ಕಯಾಕ್ ದೋಣಿಯಲ್ಲಿ ಕೂತು ಹುಟ್ಟು ಹಾಕಿದ್ದೇ ಹೆಚ್ಚು.

ಅಕ್ಟೋಬರಿನ ಎರಡನೆಯ ಭಾನುವಾರ ನಮ್ಮಲ್ಲಿ ಋತು ಮುಗಿಸುವ ವಿಹಾರ. ಹಾಯಿದೋಣಿ, ಕಯಾಕ್, ತೇಲುವುದೆಲ್ಲವೂ ಸಾಲಾಗಿ ನಡುಗಡ್ಡೆಗೆ ಹೋಗಿ ಬರಬೇಕು. ಆಮೇಲೆ ಬಾವುಟ ಇಳಿಸಿ, ಹುಳಿ ಬರಿಸಿದ ಕೋಸು ಹಂದಿಮಾಂಸದ ಜೊತೆ ಎರಡು ದಿನ ಬೆಂದ ಬಿಗೋಸ್ ತಿನ್ನಬೇಕು. ಹೋಗದೆ ದಡದಲ್ಲಿ ಕೂತವರಿಗೆ ಬಿಗೋಸ್ ಬಡಿಸುವುದಿಲ್ಲವೆಂದಲ್ಲ, ಬಡಿಸುವಾಗ ನೋಡುವ ನೋಟ ಬೇರೆ. ಆ ಹೊತ್ತಿಗೆ ನಾವು ಅಜ್ಜಿಯರ ಬೇಸಿಗೆ ಎನ್ನುವ ಬಿಸಿಲು ಹೊಳೆಯುತ್ತಿರುತ್ತದೆ, ಗಾಳಿಯಲ್ಲಿ ಜೇಡನ ಬಲೆಯ ಎಳೆ ತೇಲುತ್ತಿರುತ್ತದೆ, ಜನ ಅಂಗಿಯ ತೋಳು ಮಡಚಿಕೊಂಡು ದೋಣಿ ಹತ್ತುತ್ತಾರೆ. ಕೆಳಗೆ ನೀರು ಕೊರೆಯುತ್ತಿರುತ್ತದೆ.

"ನಾಳೆ ನೀನು ಹೋಗ್ಬೇಡ ಕಣೇ," ಎಂದ ಕ್ಲೆಮೆನ್ಸ್, ಶನಿವಾರ ಮಧ್ಯಾಹ್ನ ಚಹಾ ಕುಡಿಯುತ್ತ.

"ಯಾಕಪ್ಪ? ನೀರು ಬೆಚ್ಚಗಿದೆಯಲ್ಲ?"

"ತಮಾಷೆ ಬೇಡ."

"ನಾನೆಲ್ಲಿ ತಮಾಷೆ ಮಾಡ್ದೆ? ಈಗ ತಾನೆ ಕರಿಹಲಗೆ ನೋಡ್ಕೊಂಡು ಬಂದೆ. ಏನೂ ಬರೆದಿಲ್ಲ. ಬರೆಯೋನು ನೀನೇ ತಾನೆ? ಬರಿ, ನಾನು ಹೋಗಲ್ಲ."

"ಅಳೀಬೇಕಲ್ಲ. ಉಷ್ಣಮಾಪಕ ಕಪಾಟಲ್ಲಿದೆ."

"ಕೀಲಿ?"

"ತೆಕ್ಲ ಹತ್ರ ಇದೆ. ಅವಳು ಅರ್ಜಿ ಇಲ್ದೆ ಕೊಡಲ್ಲ."

"ಅರ್ಜಿ ಕೊಡು. ಯಾರಿಗೆ ಕೊಡ್ಬೇಕು?"

ಕ್ಲೆಮೆನ್ಸ್ ಲೋಟದೊಳಗೆ ಏನನ್ನೋ ಹುಡುಕಿದ. "ನನಗೇ."

ಕಾಲಿನಾ ನಕ್ಕ ರಭಸಕ್ಕೆ ಬುರೆಕ್ ಎಚ್ಚರಗೊಂಡು ಕಿವಿ ನಿಮಿರಿಸಿತು. "ಏಳೋ ಬುರೆಕ್, ನನ್ನ ಜಾಕೆಟ್ ಕೊಡು. ನಾಳೆ ಹಾಕ್ಕೊಂಡು ಹೋಗ್ತೀನಿ."

"ಹಾಕ್ಕೋ," ಎನ್ನಲು ಬಾಯಿ ತೆರೆದ ಕ್ಲೆಮೆನ್ಸ್. ಹೊರಬಂದದ್ದು, "ಅದು ನಿಷಿದ್ಧ."

"ಗೊತ್ತು ಬಿಡು. ಉಪಾಧ್ಯಕ್ಷರ ಮಗಳೇ ನಿಯಮ ಮುರಿದ್ಲು ಅಂದ್ರೆ ನೀನು ಬೀದೀಲಿ ತಲೆ ಎತ್ತೋ ಹಾಗಿಲ್ಲ. ಮಗಳು ದಡದಲ್ಲಿ ಕೂತ್ಲು ಅಂದ್ರೆ ನೀರು ತಣ್ಣಗಿದೆ ಅಂತ ಊರಿಗೇ ಗೊತ್ತಾಗುತ್ತೆ. ಅಪ್ಪ, ನೀನು ನನಗೆ ಮುಳುಗೋದೊಂದು ಬಿಟ್ಟು ಬೇರೆ ದಾರೀನೇ ಇಟ್ಟಿಲ್ಲ." ಅವಳು ನಗುತ್ತಲೇ ಹೇಳಿದಳು.

ಆ ಸಂಜೆ ಅವನು ತನಗೆ ತಾನೇ ಅರ್ಜಿ ಬರೆದುಕೊಂಡ. ಕಠಿಣ ಹೃದಯದ ಅಧಿಕಾರಿಯೂ ಕರಗುವ ಹಾಗೆ ಬರೆದಿದ್ದ. ಆದರೆ ನಿಯಮಗಳ ಬೆಳಕಿನಲ್ಲಿ ಪರಿಶೀಲಿಸಿದಾಗ ಮಂಜೂರು ಮಾಡಲು ಅವಕಾಶವೇ ಇರಲಿಲ್ಲ. ವಿಷಾದಪೂರ್ವಕವಾಗಿ ತಿರಸ್ಕರಿಸಿದ. ಮೇಲ್ಮನವಿಗೆ ಅವಕಾಶವುಂಟೇ ಎಂದು ನಾಲ್ಕನೆಯ ನಿಯಮವನ್ನು ಮತ್ತೊಮ್ಮೆ ಓದುತ್ತಿದ್ದಾಗ ಅವನ ಕಣ್ಣು ಅರಳಿತು. ಜಾಕೆಟ್ ಕಪಾಟಿನಿಂದ ಹೊರಬರಬಾರದು ಎಂದಿತ್ತೇ ಹೊರತು, ಕಪಾಟು ಎಲ್ಲಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ದಡದಲ್ಲೇ ಆಡಳಿತ ಮಂಡಳಿಯ ತುರ್ತು ಸಭೆ ಸೇರಿತು. ಸಂಘದ ಮುಖ್ಯಸ್ಥ, ಕಮಾಂಡರ್ ಹಿಪೊಲಿತ್ ವೊಂಸ್ ಅವರು ಬಿಳಿ ಟೋಪಿ ಧರಿಸಿ, ಕೈಯಲ್ಲಿ ಧ್ವನಿವರ್ಧಕ ಹಿಡಿದು ನಿಂತಿದ್ದರು. ಅವರು ಯುದ್ಧನೌಕೆಯನ್ನು ಟೀವಿಯಲ್ಲಷ್ಟೇ ಕಂಡವರು. ಆದರೆ ಟೋಪಿ ಅಪ್ಪಟವಾದದ್ದು.

"ಕಪಾಟನ್ನ ನೀರಿನ ಮೇಲೆ ಒಯ್ಯೋದಾ?" ಎಂದರು ಕಮಾಂಡರ್. "ಕ್ಲೆಮೆನ್ಸ್ ಅವ್ರೇ, ರಾತ್ರಿ ಏನಾದ್ರೂ ಜಾಸ್ತಿ ಆಯ್ತಾ?"

"ಬಿಗೋಸ್ ಹಂಡೆ ಇಟ್ಟಿರೋ ತೆಪ್ಪ ಇದೆಯಲ್ಲ, ಅದರ ಮೇಲಿಡೋಣ. ನಿಮ್ಮ ಮೋಟಾರು ದೋಣಿ ಎಳೆದ್ರೆ ಸಾಕು. ಜಾಕೆಟ್ ಕಪಾಟಲ್ಲೇ ಇರುತ್ತೆ, ಜನರ ಹತ್ರಾನೂ ಇರುತ್ತೆ."

"ನನ್ನ ಹಂಡೆ ಎಲ್ಲಿಗೆ ಹೋಗ್ಬೇಕು?" ಎಂದು ಸೌಟು ಹಿಡಿದೇ ಬಂದಳು ತೆಕ್ಲ. ಖಜಾಂಚಿ, ಅಡುಗೆ ಮತ್ತು ಕೀಲಿ, ಸಂಘದ ಮೂರೂ ಜವಾಬ್ದಾರಿ ಅವಳದು. ಈ ಮೂರರಲ್ಲಿ ಅವಳು ಯಾವುದನ್ನೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ. "ಕಪಾಟು ಬೇಕಾದ್ರೆ ಹೋಗ್ಲಿ. ಹಂಡೆ ದಡ ಬಿಡಲ್ಲ, ಕೀಲೀನೂ ದಡ ಬಿಡಲ್ಲ. ನೀರಿಗೆ ಬಿದ್ರೆ ಯಾರು ಹುಡುಕ್ತಾರೆ?"

"ಕೀಲಿ ಇಲ್ದೆ ಕಪಾಟು ಯಾಕಮ್ಮ?" ಎಂದು ಕ್ಲೆಮೆನ್ಸ್ ಗೋಗರೆದ.

"ಹತ್ರ ಇರುತ್ತಲ್ಲ, ಧೈರ್ಯಕ್ಕೆ."

ಪ್ರಾಂತ್ಯದ ಪರಿಶೀಲಕರಾದ ಎರಾಜ್ಮ್ ಕೊಪೆಚ್ ಅವರು ವರ್ಷದ ತಪಾಸಣೆಗೆ ಯಾವಾಗಲೂ ಋತು ಮುಗಿಸುವ ಭಾನುವಾರವೇ ಬರುತ್ತಾರೆ. ಇದು ಕಾಕತಾಳೀಯ, ಬಿಗೋಸ್‌ಗೂ ಇದಕ್ಕೂ ಸಂಬಂಧವಿಲ್ಲ. ಅವರ ಅಭಿಪ್ರಾಯ ಕೇಳಲಾಯಿತು. ಅವರು ಬಾಯಿ ಒರೆಸಿಕೊಂಡು, "ಜಾಕೆಟ್ ಕಪಾಟಲ್ಲಿದ್ಯಾ ಅಂತ ನೋಡೋದು ನನ್ನ ಕೆಲಸ. ಕಪಾಟು ಚಂದ್ರನ ಮೇಲಿದ್ರೂ ನನಗೇನು?" ಎಂದರು.

ಮರದ ಆ ಕಪಾಟನ್ನು ನಾವೇ ಹೊತ್ತು ತೆಪ್ಪದ ಮೇಲೆ ನಿಲ್ಲಿಸಿದೆವು. ಕ್ಲೆಮೆನ್ಸ್ ಅದರ ಪಕ್ಕದಲ್ಲಿ, ದೇವರ ಮೂರ್ತಿಯ ಪಕ್ಕ ಪೂಜಾರಿ ನಿಂತ ಹಾಗೆ ನಿಂತ. ಕಮಾಂಡರ್ ಧ್ವನಿವರ್ಧಕ ಎತ್ತಿದರು.

"ಸದಸ್ಯರ ಗಮನಕ್ಕೆ. ಈ ವರ್ಷದಿಂದ ಜೀವರಕ್ಷಕ ಜಾಕೆಟ್‌ಗಳು ವಿಹಾರದುದ್ದಕ್ಕೂ ತಮ್ಮ ಜೊತೆಯಲ್ಲಿರುತ್ತವೆ. ಅವುಗಳನ್ನು ಯಾರೂ ಮುಟ್ಟತಕ್ಕದ್ದಲ್ಲ. ಮುಳುಗುತ್ತಿರುವ ಸದಸ್ಯರು ದಡಕ್ಕೆ ಬಂದು ಶ್ರೀಮತಿ ತೆಕ್ಲ ಅವರಿಂದ ಕೀಲಿ ಪಡೆಯಬಹುದು. ಕೀಲಿ ಪಡೆಯುವ ಮುನ್ನ ಕೈ ಒರೆಸಿಕೊಳ್ಳುವುದು ಕಡ್ಡಾಯ. ಶುಭ ಪ್ರಯಾಣ."

ಕಾಲಿನಾ ಕೆಂಪು ಉಣ್ಣೆಯ ಟೋಪಿ, ಮೊಣಕೈ ಸವೆದ ಸ್ವೆಟರ್ ತೊಟ್ಟು ಕಯಾಕ್ ಇಳಿಸಿದಳು. ತೆಪ್ಪದ ಪಕ್ಕದಲ್ಲೇ ಹುಟ್ಟು ಹಾಕುತ್ತ, "ಅಪ್ಪ, ಕಪಾಟಿಗೆ ಚಳಿ ಆಗ್ತಿದೆಯಾ ಕೇಳು, ಶಾಲು ಹೊದಿಸು," ಎಂದು ರೇಗಿಸಿದಳು. ಸುತ್ತ ದೋಣಿಗಳಲ್ಲಿದ್ದ ನಾವೆಲ್ಲ ನಕ್ಕೆವು. ಕ್ಲೆಮೆನ್ಸ್ ನಗಲಿಲ್ಲ. ಅವನ ಕಣ್ಣು ಆ ಕೆಂಪು ಟೋಪಿಯ ಮೇಲೇ ನೆಟ್ಟಿತ್ತು.

ನಡುಗಡ್ಡೆ ಇನ್ನೂ ಅರ್ಧ ದೂರವಿರುವಾಗ ಪಡುವಣ ದಂಡೆಯ ಜೊಂಡು ಒಮ್ಮೆಲೇ ಮಲಗಿತು. ನಮ್ಮ ಸರೋವರಗಳಲ್ಲಿ ಇಂಥ ಗಾಳಿಗೆ ಬಿಳಿ ಬಿರುಗಾಳಿ ಎನ್ನುತ್ತಾರೆ. ಮೋಡವಿಲ್ಲ, ಗುಡುಗಿಲ್ಲ, ನೀರು ಮಾತ್ರ ಇದ್ದಕ್ಕಿದ್ದಂತೆ ಬಿಳುಚಿಕೊಂಡು ಎದ್ದು ಬರುತ್ತದೆ. ಹಾಯಿದೋಣಿಗಳು ಹಾಯಿ ಇಳಿಸಿಕೊಂಡು ಹೇಗೋ ಬಚಾವಾದವು. ಕಯಾಕ್ ಮಗುಚಿತು. ಕ್ಲೆಮೆನ್ಸ್ ನೋಡುತ್ತಿದ್ದಂತೆ ಕೆಂಪು ಟೋಪಿ ನೀರಿನ ಮೇಲೆ ತೇಲಿತು. ಅದರ ಕೆಳಗೆ ತಲೆ ಇರಲಿಲ್ಲ.

ಕ್ಲೆಮೆನ್ಸ್ "ಕಾಲಿನಾ!" ಎಂದು ಕೂಗುತ್ತ ತೆಪ್ಪದ ಅಂಚಿಗೆ ನುಗ್ಗಿದ. ಅಷ್ಟೂ ಭಾರ ಒಂದೇ ಕಡೆ ಬಿದ್ದದ್ದೇ ತಡ, ತೆಪ್ಪ ವಾಲಿತು. ಮೊದಲು ಕಪಾಟು ಜಾರಿತು, ಹಿಂದೆಯೇ ಉಪಾಧ್ಯಕ್ಷ. ನೀರಿನೊಳಗೆ ಅವನ ಉಪನ್ಯಾಸದ ಒಂದೊಂದು ಅಕ್ಷರವೂ ನಿಜವಾಯಿತು. ಉಸಿರು ಮಾತು ಕೇಳಲಿಲ್ಲ. ಕೇಳದಿದ್ದರೂ ಅವನಿಗೆ ಉಸಿರಿನ ಚಿಂತೆ ಇರಲಿಲ್ಲ; ಹುಚ್ಚನಂತೆ ನೀರು ಬಡಿಯುತ್ತ ಮಗಳ ಹೆಸರು ಕೂಗಲು ನೋಡಿದ, ಬಾಯಿ ತುಂಬ ನೀರು ಹೊಕ್ಕಿತು. ಖಾಲಿ ಟೋಪಿ ಅವನ ಮುಂದೆ ತೇಲಿ ಹೋಯಿತು. ಅಂಥ ಕೆಟ್ಟ ಗಳಿಗೆ ಯಾವ ತಂದೆಗೂ ಬರಬಾರದು.

ಅಷ್ಟರಲ್ಲಿ ಯಾರೋ ಅವನ ಕಾಲರು ಹಿಡಿದು ಎಳೆದರು. "ಕೈ ಕೊಡಪ್ಪಾ! ಇಲ್ಲಿ, ಇಲ್ಲಿ ಹಿಡ್ಕೋ!" ಕಾಲಿನಾ ಕಪಾಟಿನ ಹಿಡಿಕೆಗೆ ಒಂದು ಕೈ ಸಿಕ್ಕಿಸಿಕೊಂಡು ತೇಲುತ್ತಿದ್ದಳು. ಒಳಗೆ ಒತ್ತೊತ್ತಾಗಿ ತುಂಬಿದ ಜಾಕೆಟ್‌ಗಳ ದೆಸೆಯಿಂದ ಕಪಾಟು ನೀರಿನ ಮೇಲೆ ಅಂಗಾತ ಮಲಗಿತ್ತು. ಎಷ್ಟು ಅದುಮಿದರೂ ಮುಳುಗುವಂತಿರಲಿಲ್ಲ. ಬೀಗ ಭದ್ರವಾಗಿತ್ತು.

"ಇದೀಯಾ? ಇದೀಯಾ ಕಂದಾ?" ಎಂದು ಕ್ಲೆಮೆನ್ಸ್ ಅವಳ ಮುಖ ಸವರಿದ.

"ಇದೀನಿ. ನೀನು ಕೈ ಬಿಟ್ರೆ ನೋಡು."

ಕಮಾಂಡರ್ ಅವರ ಮೋಟಾರು ದೋಣಿ ಸುತ್ತು ಹಾಕಿ ಹತ್ತಿರ ಬಂತು. ಧ್ವನಿವರ್ಧಕ ಕೇಳಿಸಿತು: "ನೀರಿನಲ್ಲಿರುವ ಸದಸ್ಯರ ಗಮನಕ್ಕೆ. ಸರೋವರದ ನೀರು ತಣ್ಣಗಿದೆಯೆಂದು ಇದುವರೆಗೆ ಘೋಷಣೆಯಾಗಿಲ್ಲ. ದಯವಿಟ್ಟು ನಡುಗಬಾರದು. ಪರಿಶೀಲಕರು ದಡದಿಂದ ನೋಡುತ್ತಿದ್ದಾರೆ." ಆಮೇಲೆ ಅವರು ಅನುದಾನದ ಸ್ವತ್ತಿಗೆ ಮೊದಲ ಆದ್ಯತೆಯೆಂದು ಕಪಾಟಿಗೆ ಹಗ್ಗ ಕಟ್ಟಿಸಿ ದಡಕ್ಕೆ ಎಳೆಸಿದರು. ಅಪ್ಪ ಮಗಳು ಅದನ್ನು ಬಿಡದೆ ಹಿಡಿದುಕೊಂಡಿದ್ದರಿಂದ ಅವರೂ ಜೊತೆಯಲ್ಲಿ ಬಂದರು.

ಸಭಾಂಗಣದಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಒಲೆಗೆ ಅತಿ ಹತ್ತಿರದ ಜಾಗ ಕಪಾಟಿಗೆ, ಅದರ ಹಿಂದಿನದು ಪರಿಶೀಲಕರಿಗೆ, ಆಮೇಲೆ ಕ್ಲೆಮೆನ್ಸ್ ಮತ್ತು ಕಾಲಿನಳಿಗೆ. ಇಬ್ಬರೂ ಕಂಬಳಿ ಸುತ್ತಿಕೊಂಡು ಕೂತಿದ್ದರು. ಕಾಲಿನಳ ತುಟಿ ನೀಲಿಗಟ್ಟಿತ್ತು, ಬಿಗೋಸ್ ಬಟ್ಟಲು ಕೈಯಲ್ಲಿ ನಿಲ್ಲದೆ ಚಮಚ ಕಟಕಟ ಬಡಿಯುತ್ತಿತ್ತು. ಕ್ಲೆಮೆನ್ಸ್ ಅದನ್ನು ನೋಡಿದ. ನೋಡಿ ಎದ್ದು ನಿಂತ.

"ಕಮಾಂಡರ್ ಸಾಹೇಬ್ರೇ, ನೀರು ತಣ್ಣಗಿದೆ," ಎಂದ. "ಕೊರೀತಿದೆ. ನನ್ನ ಮಗಳು ಸಾಯ್ತಿದ್ಲು. ಹಲಗೆ ಮೇಲೆ ಬರೀರಿ."

ನಾವೆಲ್ಲ ಬಟ್ಟಲು ನೋಡಿಕೊಂಡೆವು. ನಮಗೆ ಅದು ಗೊತ್ತಿರಲಿಲ್ಲವೆಂದಲ್ಲ, ಯಾರಾದರೂ ಹೇಳಿಬಿಡುತ್ತಾರೆಂದು ಎಣಿಸಿರಲಿಲ್ಲ.

"ನಿಮ್ಮ ಸಂಕಟ ನಮಗೂ ಅರ್ಥ ಆಗುತ್ತೆ," ಎಂದರು ಕಮಾಂಡರ್ ಮೃದುವಾಗಿ. "ಆದ್ರೆ ಅಳತೆ?"

"ಅಳತೆ ಆಗಿದೆಯಲ್ಲ!" ಎಂದಳು ತೆಕ್ಲ. "ಉಷ್ಣಮಾಪಕ ಕಪಾಟಿನ ಜೊತೇಲೇ ನೀರಿಗೆ ಬಿತ್ತಲ್ಲ? ತೆಗೆದು ನೋಡಿದ್ರೆ ಗೊತ್ತಾಗುತ್ತೆ."

ಪರಿಶೀಲಕರ ಸಮಕ್ಷಮದಲ್ಲಿ ಬೀಗ ತೆರೆಯಲಾಯಿತು. ಒಲೆಯ ಮಗ್ಗುಲಲ್ಲಿ ಒಂದು ಗಂಟೆ ಬೆಂದ ಕಪಾಟಿನಿಂದ ಹಬೆ ಹೊರಟಿತು. ತೆಕ್ಲ ಉಷ್ಣಮಾಪಕವನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು: "ಇಪ್ಪತ್ತೆರಡು ಡಿಗ್ರಿ."

"ಇಪ್ಪತ್ತೆರಡು!" ಎಂದರು ಕಮಾಂಡರ್, ಮುಖ ಅರಳಿಸಿ. "ಆಗಸ್ಟಲ್ಲೂ ಇಷ್ಟು ಇರಲ್ಲ."

"ಅದು ಒಲೆ..." ಎಂದು ಕ್ಲೆಮೆನ್ಸ್ ಶುರುಮಾಡಿದ.

"ಉಷ್ಣಮಾಪಕ ಯಾವುದು, ಕ್ಲೆಮೆನ್ಸ್ ಅವ್ರೇ?"

"ಅಧಿಕೃತ," ಎಂದ ಕ್ಲೆಮೆನ್ಸ್.

"ಅಧಿಕೃತ ಅಂತ ನಿಯಮಾವಳೀಲಿ ಬರೆದೋರು ಯಾರು?"

ಕ್ಲೆಮೆನ್ಸ್ ಕೂತ. ತಾನೇ ತೋಡಿದ ಹಳ್ಳ, ಅಳತೆ ಸರಿಯಾಗಿತ್ತು. ಭೂಮಾಪನದವನಲ್ಲವೇ.

ಪರಿಶೀಲಕರು ಜಾಕೆಟ್‌ಗಳನ್ನು ಒಂದೊಂದಾಗಿ ನೋಡಿದರು. ಒದ್ದೆಯಾಗಿದ್ದವು, ಆದರೆ ಚೀಟಿಗಳು ಅಲುಗಿರಲಿಲ್ಲ, ಒಳ್ಳೆಯ ಅಂಟು. ಕೊನೆಗೆ ಅವರು ಭಾವುಕರಾಗಿ ಕನ್ನಡಕ ತೆಗೆದರು. "ಜೀವ ಉಳಿಸಬೇಕು ಅನ್ನೋದು ಅನುದಾನದ ಉದ್ದೇಶ. ಎರಡು ಜೀವ ಉಳಿದಿದೆ. ಜಾಕೆಟ್ ಹೊರಗೆ ಬರಬಾರದು ಅನ್ನೋದು ಷರತ್ತು. ಬಂದಿಲ್ಲ. ಉದ್ದೇಶ, ಷರತ್ತು ಎರಡೂ ಒಟ್ಟಿಗೆ ಈಡೇರಿದ್ದನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ." ಕಪಾಟಿನ ಬಾಗಿಲಿಗೆ ಅವರು ಸ್ವಹಸ್ತದಿಂದ ಹೊಸ ಚೀಟಿ ಅಂಟಿಸಿದರು. ನೀರು ಬೆಚ್ಚಗಿದೆ ಎಂಬ ನಿರ್ಣಯವನ್ನು ಮತಕ್ಕೆ ಹಾಕಲಾಯಿತು. ನಾವೆಲ್ಲ ಕೈ ಎತ್ತಿದೆವು. ಕಾಲಿನಳೂ ಎತ್ತಿದಳು, ಬೇಗ ಮುಗಿದರೆ ಬಿಸಿ ಬಿಗೋಸ್ ಇನ್ನೊಂದು ಬಟ್ಟಲು ಸಿಗುತ್ತಿತ್ತು. ಕ್ಲೆಮೆನ್ಸ್ ಅವಳ ಕಡೆ ನೋಡಿದ, ಅವಳು ಭುಜ ಹಾರಿಸಿದಳು. ಅವನೂ ಎತ್ತಿದ.

ಮುಂದಿನ ವಸಂತಕ್ಕೆ ಕಪಾಟುಗಳಿಗಾಗಿ ಅನುದಾನ ಬಂತು. ಹನ್ನೊಂದನೆಯ ನಿಯಮದ ಪ್ರಕಾರ ಈಗ ಪ್ರತಿಯೊಂದು ದೋಣಿಯೂ ತನಗೆ ತಕ್ಕ ಅಳತೆಯ ಕಪಾಟನ್ನು ಹಗ್ಗ ಕಟ್ಟಿ ಎಳೆದುಕೊಂಡೇ ಹೋಗತಕ್ಕದ್ದು. ಮೊದಮೊದಲು ಕಾಲಿನಾ ಗೊಣಗಿದಳು. ಈಗ ರೂಢಿಯಾಗಿದೆ. "ತೊಟ್ಕೊಳ್ಳೋದಕ್ಕಿಂತ ಇದೇ ವಾಸಿ, ಮೇಲೆ ಬುತ್ತಿ ಇಡಬಹುದು," ಎನ್ನುತ್ತಾಳೆ. ನೆರೆಯೂರಿನವರು ನಗುವುದನ್ನು ಬಿಟ್ಟು ನಿಯಮಾವಳಿಯ ಪ್ರತಿ ಕೇಳಿ ಬರುತ್ತಿದ್ದಾರೆ.

ಅಕ್ಟೋಬರಿನ ಬೆಳಗುಗಳಲ್ಲಿ ಅವಳ ಕಯಾಕ್ ಮಂಜಿನೊಳಗೆ ಹೊರಟರೆ ಹಿಂದೆ ಪುಟ್ಟದೊಂದು ಕಪಾಟು ಅಲುಗಾಡುತ್ತ ಹೋಗುತ್ತದೆ. ಒಳಗೆ ಒಂದೇ ಒಂದು ಜಾಕೆಟ್, ಅವಳದೇ ಅಳತೆಯದು. ಬೀಗ ಹಾಕಿದೆ. ಸ್ವಂತ ಮಗಳ ವಿಷಯವಾದ್ದರಿಂದ ಆ ಕೀಲಿಯನ್ನು ತೆಕ್ಲ ಕ್ಲೆಮೆನ್ಸನಿಗೇ ಒಪ್ಪಿಸಿದ್ದಾಳೆ. ಅವನು ದಡದಲ್ಲಿ ನಿಂತು ಕೈ ಬೀಸುತ್ತಾನೆ, ಅವಳು ಮಂಜಿನಲ್ಲಿ ಮರೆಯಾಗುವ ತನಕ ನೋಡುತ್ತಾನೆ. ಮೊದಲಿನ ಹಾಗೆ ಅವನಿಗೀಗ ಭಯವಿಲ್ಲ. ಕೀಲಿ ಅವನ ಮುಷ್ಟಿಯಲ್ಲಿ ಭದ್ರವಾಗಿದೆ.